ಕಂದೀಲಿನ ಬತ್ತಿ

ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಅವ್ವ ಧಾರವಾಡದಿಂದ ಪುಣೆಗೆ ನಮ್ಮ ಮನೆಗೆ ಬಂದಿದ್ದಳು. ಅವಳ ಹಾಸಿಗೆ ಹಾಲ್‌ನಲ್ಲಿ. ರಾತ್ರಿ ನನ್ನ ಹಳೆಯ ಲ್ಯಾಪ್‌ಟಾಪೂ ಅಲ್ಲೇ.

"ಕಂದೀಲು ಸಣ್ಣ ಮಾಡಿದಂಗ ಇದನ್ನ ಸಣ್ಣ ಮಾಡಾಕ ಬರಂಗಿಲ್ಲೇನೋ?"

"ಬರಂಗಿಲ್ಲವ್ವ" ಅಂದಿದ್ದೆ. ಎಂ.ಸಿ.ಎ. ಓದುವಾಗ ಅವಳೇ ಚೀಟಿ ಎತ್ತಿ ಕೊಡಿಸಿದ ಲ್ಯಾಪ್‌ಟಾಪ್ ಅದು. ಲಿನಕ್ಸ್ ಹಾಕಿದಾಗಿನಿಂದ ಕೀಲಿ ಒತ್ತಿದರೆ ಪರದೆಯ ಮೇಲಿನ ಪಟ್ಟಿ ಇಳಿಯುತ್ತಿತ್ತು, ಬೆಳಕು ಇಳಿಯುತ್ತಿರಲಿಲ್ಲ. ಲಿನಕ್ಸ್ ಹೇಳಿದ್ದಕ್ಕೆ ಫರ್ಮ್‌ವೇರ್ 'ಆಯಿತು' ಅಂದು ಸುಮ್ಮನಾಗುತ್ತಿತ್ತು.

ಒಂದು ರಾತ್ರಿ ಅವ್ವ ಆಸ್ಪತ್ರೆಯ ಕಪ್ಪು ಕನ್ನಡಕ ಹಾಕಿಕೊಂಡೇ ಮಲಗಿದ್ದಳು. ನನಗೆ ನಾಚಿಕೆಯಾಯಿತು.

ಫರ್ಮ್‌ವೇರನ್ನು ಬದಿಗಿಟ್ಟು, 'ಸೆಟ್‌ಪಿಸಿಐ' ಕಮಾಂಡಿನಿಂದ ಇಂಟೆಲ್ 945 ಗ್ರಾಫಿಕ್ಸ್‌ನ ಎಫ್4 ರಿಜಿಸ್ಟರಿಗೆ ನೇರವಾಗಿ ಬರೆಯಬಹುದು. 0ಯಿಂದ 255ರವರೆಗಿನ ಸಂಖ್ಯೆ. ಹೆಕ್ಸ್‌ನಲ್ಲಿ 00ಯಿಂದ ಎಫ್‌ಎಫ್. ಅವಸರದಲ್ಲಿ 00 ಬರೆದುಬಿಟ್ಟೆ. ಪರದೆ ಪೂರ್ತಿ ಕಪ್ಪು.

"ಕರೆಂಟ್ ಹೋತೇನು?" ಅಂತ ಎದ್ದ ಅವ್ವ ಟಾರ್ಚ್ ಹಿಡಿದಳು. ಓರೆಯಾಗಿ ಬಿದ್ದ ಬೆಳಕಿನಲ್ಲಿ ಅಕ್ಷರಗಳು ಮಸುಕಾಗಿ ಕಂಡವು. ಪರದೆ ಸತ್ತಿರಲಿಲ್ಲ, ಹಿಂದಿನ ದೀಪವಷ್ಟೇ ಆರಿತ್ತು. ಅವಳ ಟಾರ್ಚಿನ ಬೆಳಕಿನಲ್ಲೇ ಮತ್ತೆ ಟೈಪ್ ಮಾಡಿದೆ. ಈ ಸಲ ಹೆಕ್ಸ್ 40, ಅಂದರೆ ಸುಮಾರು ಕಾಲು ಭಾಗ ಬೆಳಕು.

"ಈಗ ಚಲೋ ಆತು ನೋಡು" ಅಂದು ಅವಳು ಆ ಕಡೆ ಮಗ್ಗುಲಾದಳು.

ರೀಬೂಟ್ ಆದರೆ ರಿಜಿಸ್ಟರ್ ಎಲ್ಲ ಮರೆಯುತ್ತದೆ. ಹಾಗಾಗಿ ಆ ಸಾಲನ್ನು ಸ್ಟಾರ್ಟಪ್ ಸ್ಕ್ರಿಪ್ಟಿಗೆ ಸೇರಿಸಿದೆ. ಒಟ್ಟು ಹಿಡಿದದ್ದು ಅರ್ಧ ಗಂಟೆ. 'ಬರಂಗಿಲ್ಲ' ಅನ್ನುತ್ತ ಕಳೆದದ್ದು ಮೂರು ವಾರ.