ಹಿಮದ ನಾಡಿನಲ್ಲೊಂದು ಕನ್ನಡದ ಕೂಸು

ಜಪಾನ್ ಎಂದೊಡನೆ ನಮ್ಮ ವಿದ್ಯಾರ್ಥಿಗಳ ನೆನಪಿಗೆ ಬರುವುದು ಟೋಕಿಯೋದ ಜನಜಂಗುಳಿ, ಬುಲೆಟ್ ರೈಲು, ಹಿರೋಷಿಮಾ ಮತ್ತು ಭೂಕಂಪ. ಆ ದೇಶದಲ್ಲೂ ಹಳ್ಳಿಗಳಿವೆ, ರಾತ್ರಿ ಗದ್ದೆಯಲ್ಲಿ ಕಪ್ಪೆಗಳು ವಟಗುಟ್ಟುತ್ತವೆ, ಸೊಂಟ ಬಾಗಿದ ಅಜ್ಜಿಯರು ಕಾಡಿನಿಂದ ಸೊಪ್ಪು ಕೊಯ್ದು ತರುತ್ತಾರೆ ಎಂದರೆ ಮಕ್ಕಳು ನಂಬುವುದು ಕಷ್ಟ. ಅಂಥದೊಂದು ಹಳ್ಳಿಯಲ್ಲಿ, ಕನ್ನಡದ ತಾಯಿ ಮತ್ತು ಜಪಾನಿ ತಂದೆಯ ನಡುವೆ, ಐದು ವರ್ಷದ ಹುಡುಗನೊಬ್ಬ ಬೆಳೆಯುತ್ತಿದ್ದಾನೆ. ತಾಯಿ ನನ್ನ ತಂಗಿಯ ಮಗಳು. 2025ರ ಬೇಸಗೆ ರಜೆಯಲ್ಲಿ, ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಮುಗಿಸಿ, ಏಪ್ರಿಲ್ ಕೊನೆಯಲ್ಲಿ ಹೊರಟು ಮೂರು ವಾರ ಅವರ ಮನೆಯಲ್ಲಿದ್ದೆ. ಹುಡುಗನ ಹೆಸರನ್ನು ಪತ್ರಿಕೆಯಲ್ಲಿ ಬರೆಯುವುದು ಬೇಡ ಎಂದು ಅವನ ತಾಯಿ ಹೇಳಿದ್ದರಿಂದ ಇಲ್ಲಿ ಅವನು ಬರೀ ಹುಡುಗ.

ಊರು ನೀಗಾತಾ ಪ್ರಾಂತ್ಯದ ಮಿನಾಮಿ ಉವೊನುಮಾ. ಹೆಸರಿಗೆ ನಗರ, ನಿಜದಲ್ಲಿ ಒಂದು ಕಣಿವೆ, ಅದರ ತುಂಬ ಗದ್ದೆ, ಗದ್ದೆಗಳ ನಡುವೆ ಚದುರಿದ ಹಳ್ಳಿಗಳು. ಟೋಕಿಯೋದಿಂದ ಶಿಂಕಾನ್ಸೆನ್ ರೈಲಿನಲ್ಲಿ ಉರಾಸಾ ನಿಲ್ದಾಣಕ್ಕೆ ಸುಮಾರು ಒಂದೂವರೆ ಗಂಟೆ. ದಾರಿಯಲ್ಲಿ 22 ಕಿಲೋಮೀಟರಿಗೂ ಉದ್ದದ ದಾಯ್‌ಶಿಮಿಜು ಸುರಂಗ. ಸುರಂಗದ ಆ ಕಡೆ ಹಸುರು ಚಿಗುರು, ಈ ಕಡೆ ಬಂದರೆ ರಸ್ತೆ ಬದಿಯಲ್ಲಿ ಆಳೆತ್ತರದ ಕೊಳಕು ಹಿಮದ ರಾಶಿ! ಮೇಲೆ 1778 ಮೀಟರ್ ಎತ್ತರದ ಹಕ್ಕಾಯ್ ಪರ್ವತ ಇನ್ನೂ ಬಿಳಿ ಟೋಪಿ ತೆಗೆದಿರಲಿಲ್ಲ.

ಇದೇಕೆ ಹೀಗೆ? ನಮ್ಮ ಮಲೆನಾಡಿನವರಿಗೆ ಇದು ಬೇಗ ಅರ್ಥವಾಗಬೇಕು. ಚಳಿಗಾಲದಲ್ಲಿ ಸೈಬೀರಿಯಾದಿಂದ ಹೊರಟ ಒಣ ತಣ್ಣನೆಯ ಗಾಳಿ ಜಪಾನ್ ಸಮುದ್ರವನ್ನು ದಾಟುತ್ತದೆ. ಅಲ್ಲಿ ಬೆಚ್ಚಗಿನ ಸುಶಿಮಾ ಪ್ರವಾಹ ಹರಿಯುವುದರಿಂದ ಗಾಳಿ ದಾರಿಯುದ್ದಕ್ಕೂ ನೀರಾವಿ ಹೀರುತ್ತದೆ. ಮುಂದೆ ಎಚಿಗೋ ಬೆಟ್ಟಸಾಲು ಅಡ್ಡ ಬಂದಾಗ ಮೇಲೇರಿ, ತಣಿದು, ಹೊತ್ತಿದ್ದನ್ನೆಲ್ಲ ಹಿಮವಾಗಿ ಸುರಿಸುತ್ತದೆ. ಬೆಟ್ಟ ದಾಟಿ ಟೋಕಿಯೋ ತಲುಪುವಾಗ ಅದು ಒಣಗಾಳಿ. ಅರಬ್ಬಿ ಸಮುದ್ರ, ಸಹ್ಯಾದ್ರಿ, ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆ, ಈಚೆ ಬಾಯಾರಿ ಕೂತ ಚಿತ್ರದುರ್ಗ ಇವೆಲ್ಲವನ್ನೂ ಹಾಗೆಯೇ ಎತ್ತಿ ಫ್ರಿಜ್ಜಿನ ಒಳಗಿಟ್ಟಂತೆ. ಕಣಿವೆಯಲ್ಲಿ ಎರಡು ಮೂರು ಮೀಟರ್ ಹಿಮ ಕೂರುವುದು ಅಲ್ಲಿ ಸುದ್ದಿಯಲ್ಲ. ಇಲ್ಲಿಯ ಶಿಯೊಜಾವಾ ಊರಿನ ಬಟ್ಟೆ ವ್ಯಾಪಾರಿ ಸುಜುಕಿ ಬೊಕುಶಿ ತನ್ನೂರಿನ ಹಿಮದ ಬದುಕಿನ ಮೇಲೆಯೇ ಒಂದು ಪುಸ್ತಕ ಬರೆದ. ಅದರ ಮೊದಲ ಭಾಗ ಅಚ್ಚಾಗಿದ್ದು 1837ರಲ್ಲಿ. ಹಿಮದ ಹರಳುಗಳ ಚಿತ್ರಗಳೂ ಅದರಲ್ಲಿವೆ.

ರಸ್ತೆಗಳು ಕೆಂಪಗಿರುವುದನ್ನು ಕಂಡು ಮೊದಲ ದಿನ ಬೆರಗಾದೆ. ಕಾರಣ ಸರಳ. ರಸ್ತೆಯ ನಡುವೆ ಕೊಳವೆ ಹೂತು, ಅಂತರ್ಜಲವನ್ನು ಸಣ್ಣ ಕಾರಂಜಿಯಂತೆ ಚಿಮ್ಮಿಸಿ ಹಿಮ ಕರಗಿಸುತ್ತಾರೆ. ನೀರಿನಲ್ಲಿರುವ ಕಬ್ಬಿಣದ ಅಂಶ ಗಾಳಿಗೆ ತಾಗಿ ತುಕ್ಕಾಗುತ್ತದೆ. ಪುಕ್ಕಟೆ ನೀರೆಂದು ಎತ್ತಿದ್ದೇ ಎತ್ತಿದ್ದರಿಂದ ಕೆಲವು ಕಡೆ ನೆಲವೇ ಕುಸಿದಿದೆಯಂತೆ. ಕೋಲಾರದ ಕೊಳವೆಬಾವಿಗಳು ನೆನಪಾದವು. ಹಿಮದಿಂದ ಉಪಕಾರವೂ ಇದೆ. ಒಂದು ಕಟ್ಟಡದಲ್ಲಿ ಸಾವಿರ ಟನ್ ಹಿಮ ತುಂಬಿ, ಅದರ ತಂಪಿನಲ್ಲೇ ವರ್ಷವಿಡೀ ತರಕಾರಿ, ಮದ್ಯ ಇಡುವುದನ್ನು ನೋಡಿದೆ. ಒಂದು ಟನ್ ಹಿಮ ಕರಗಲು ಬೇಕಾದ ಉಷ್ಣ ಸುಮಾರು 93 ಯೂನಿಟ್ ವಿದ್ಯುತ್ತಿಗೆ ಸಮ. ಗುಪ್ತೋಷ್ಣದ ಪಾಠ ಮಾಡುವ ಮೇಷ್ಟರುಗಳು ಈ ಉದಾಹರಣೆ ಬಳಸಿಕೊಳ್ಳಬಹುದು.

ಈ ಊರಿಗೂ ನಮ್ಮವರಿಗೂ ಏನು ನಂಟು ಎಂದು ಕೇಳಬಹುದು. ಉರಾಸಾದ ಹತ್ತಿರ ಗದ್ದೆಗಳ ಮಧ್ಯೆ 1982ರಲ್ಲಿ ಇಂಟರ್‌ನ್ಯಾಷನಲ್ ಯೂನಿವರ್ಸಿಟಿ ಆಫ್ ಜಪಾನ್ ಸ್ಥಾಪನೆಯಾಯಿತು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಅನೇಕ ದೇಶಗಳ ವಿದ್ಯಾರ್ಥಿಗಳು. ಸಾಗರದ ಹುಡುಗಿ ಅಲ್ಲಿಗೆ ಓದಲು ಹೋದಳು, ಅದೇ ಊರಿನ ಹುಡುಗನನ್ನು ಮದುವೆಯಾದಳು. ಮನೆಯಲ್ಲಿ ಅತ್ತೆ, ಮಾವ ಇದ್ದಾರೆ. ಅವರು ಬೆಳೆಯುವುದು ಕೊಶಿಹಿಕಾರಿ ಭತ್ತ. ಈ ಕಣಿವೆಯ ಅಕ್ಕಿಗೆ ಜಪಾನಿನಲ್ಲೇ ದೊಡ್ಡ ಹೆಸರು. ಅಮೈಲೋಸ್ ಎಂಬ ಪಿಷ್ಟ ಕಡಿಮೆ ಇರುವುದರಿಂದ ಅನ್ನ ಅಂಟಂಟು. ಕಡ್ಡಿಯಲ್ಲಿ ಎತ್ತಲು ಅನುಕೂಲ, ಸಾರಿಗೆ ಕಲಸಲು ಮಾತ್ರ ಉಪಯೋಗವಿಲ್ಲ.

ಈಗ ಹುಡುಗನ ವಿಷಯ. ಅವನು ಹೋಗುವುದು ಹೊಯಿಕುಎನ್ ಎಂಬ ಶಿಶುವಿಹಾರಕ್ಕೆ. 2019ರ ಅಕ್ಟೋಬರಿನಿಂದ ಮೂರರಿಂದ ಐದು ವರ್ಷದ ಮಕ್ಕಳಿಗೆ ಅಲ್ಲಿ ಶುಲ್ಕವಿಲ್ಲ. ಮಗುವಿನೊಂದಿಗೆ ದಿನವೂ ಒಂದು ಪುಸ್ತಕ ಓಡಾಡುತ್ತದೆ. ಬೆಳಿಗ್ಗೆ ಮೈ ಬಿಸಿ ಎಷ್ಟು, ರಾತ್ರಿ ಎಷ್ಟು ಹೊತ್ತು ಮಲಗಿದ, ಏನು ತಿಂದ ಎಂದು ತಾಯಿ ಬರೆಯಬೇಕು. ಸಂಜೆ ಶಿಕ್ಷಕಿ ಬರೆಯುತ್ತಾರೆ: ಇವತ್ತು ಯಾರೊಂದಿಗೆ ಆಡಿದ, ಯಾವಾಗ ಅತ್ತ, ಹೊಳೆಬದಿಯಲ್ಲಿ ಯಾವ ಹುಳ ಹಿಡಿದ. ಮೊದಮೊದಲು ಶಿಕ್ಷಕಿಯ ಕೈಬರಹ ಓದಲಾರದೆ ನಮ್ಮ ಹುಡುಗಿ ಗಂಡ ಬರುವವರೆಗೆ ಕಾಯುತ್ತಿದ್ದಳಂತೆ. ಮೂರು ವರ್ಷದಲ್ಲಿ ಆ ಪುಸ್ತಕದಿಂದಲೇ ಜಪಾನಿ ಓದಲು ಕಲಿತಳು. ಮೂವತ್ತು ವರ್ಷ ಪಾಠ ಹೇಳಿದ ನಾನು, ಒಂದು ಮಗುವಿನ ಬಗ್ಗೆ ದಿನಕ್ಕೆ ಆರು ಸಾಲು ಬರೆಯಲು ಎಷ್ಟು ಗಮನ ಬೇಕೆಂದು ಲೆಕ್ಕ ಹಾಕಿದೆ. ಅರವತ್ತು ಮಕ್ಕಳ ತರಗತಿಯಲ್ಲಿ ಸಾಧ್ಯವಿಲ್ಲ ಬಿಡಿ.

ತಿಂಗಳಿಗೊಮ್ಮೆ ಕಡ್ಡಾಯವಾಗಿ ತಾಲೀಮು ನಡೆಯುತ್ತದೆ. ಗಂಟೆ ಬಾರಿಸಿತೋ, ಹತ್ತಿ ತುಂಬಿದ ಕುಲಾವಿಯಂಥದನ್ನು ತಲೆಗೆ ಹಾಕಿಕೊಂಡು ಮಕ್ಕಳು ಸದ್ದಿಲ್ಲದೆ ಅಂಗಳಕ್ಕೆ ಬಂದು ಸಾಲಾಗಿ ಕೂರುತ್ತಾರೆ. ಇದು ಆಟವಲ್ಲ. 2004ರ ಅಕ್ಟೋಬರ್ 23ರ ಸಂಜೆ ಈ ಸೀಮೆಯಲ್ಲಿ 6.8 ಪರಿಮಾಣದ ಭೂಕಂಪವಾಗಿ 68 ಜನ ತೀರಿಕೊಂಡರು. ಓಡುತ್ತಿದ್ದ ಶಿಂಕಾನ್ಸೆನ್ ಹಳಿ ತಪ್ಪಿದ್ದು ಅದೇ ಮೊದಲು. ಆ ರಾತ್ರಿಗಳನ್ನು ಮನೆಯ ಹೊರಗೆ ಕಾರಿನಲ್ಲಿ ಕಳೆದುದನ್ನು ಹುಡುಗನ ಜಪಾನಿ ಅಜ್ಜ ಕೈಸನ್ನೆಯಲ್ಲೇ ನನಗೆ ತಿಳಿಸಿದರು.

ಭಾಷೆಯದೇ ಈ ಮನೆಯ ದೊಡ್ಡ ಕಥೆ. ಎರಡೂ ಭಾಷೆಗಳ ಕಟ್ಟಡ ಅಚ್ಚರಿಯಾಗುವಷ್ಟು ಹೋಲುತ್ತದೆ. ‘ವಾತಾಶಿ ವಾ ಗೊಹಾನ್ ಒ ತಬೆತಾ’ ಎಂದರೆ ‘ನಾನು ಅನ್ನ ತಿಂದೆ’. ಕ್ರಿಯಾಪದ ಕೊನೆಗೇ, ವಿಭಕ್ತಿಯಂಥ ಪ್ರತ್ಯಯ ನಾಮಪದದ ಹಿಂದೆಯೇ. ಅವರ ಅಕ್ಷರಮಾಲೆಯೋ, ಅ ಇ ಉ ಎ ಒ; ಆಮೇಲೆ ಕ ಸ ತ ನ ಹ ಮ ಯ ರ ವ. ಎಲ್ಲೋ ಕೇಳಿದಂತಿದೆಯಲ್ಲ? ಬೌದ್ಧ ಭಿಕ್ಷುಗಳ ಮೂಲಕ ಹೋದ ಸಂಸ್ಕೃತ ವರ್ಣಮಾಲೆಯ ಅಭ್ಯಾಸದಿಂದ ಬಂದ ಕ್ರಮ ಇದು. ‘ಹ’ ಇರುವ ಜಾಗದಲ್ಲಿ ಹಿಂದೆ ‘ಪ’ ಉಚ್ಚಾರ ಇತ್ತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹಾಗೆ ಓದಿಕೊಂಡರೆ ಕಂಠದಿಂದ ತುಟಿಯವರೆಗಿನ ನಮ್ಮ ಕಾಗುಣಿತದ ದಾರಿ ಸ್ಪಷ್ಟವಾಗಿ ಕಾಣುತ್ತದೆ. ಗೋಡೆಯ ಮೇಲೆ ತಾಯಿ ಎರಡೂ ಅಕ್ಷರಮಾಲೆಗಳನ್ನು ಅಕ್ಕಪಕ್ಕ ಅಂಟಿಸಿದ್ದಳು.

ನಗೆಪಾಟಲೂ ಉಂಟು. ಜಪಾನಿ ಭಾಷೆಯಲ್ಲಿ ‘ಅಜಿ’ ಎಂದರೆ ಒಂದು ಜಾತಿಯ ಮೀನು. ಸಾಗರದಿಂದ ‘ಅಜ್ಜಿ’ ಬರುತ್ತಾಳೆ ಎಂದು ಹುಡುಗ ಶಿಶುವಿಹಾರದಲ್ಲಿ ಹೇಳಿದಾಗ ಗೆಳೆಯರು ಮೀನು ಬರುತ್ತದೆಂದು ತಿಳಿದರಂತೆ. ‘ಅನೆ’ ಎಂದರೆ ಅಕ್ಕ. ಚಿತ್ರದಲ್ಲಿ ‘ಆನೆ’ ತೋರಿಸಿದರೆ ಅವರ ಕಿವಿಗೆ ಹೇಗೆ ಕೇಳಬೇಕು! ಲ, ಳ, ರ ಮೂರೂ ಅವರಿಗೆ ಒಂದೇ. ಇದಕ್ಕೆ ನಾಲಿಗೆಗಿಂತ ಕಿವಿಯೇ ಕಾರಣ. ಪೆಟ್ರೀಷಿಯಾ ಕೂಲ್ ಎಂಬ ಅಮೆರಿಕದ ವಿಜ್ಞಾನಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರರಿಂದ ಎಂಟು ತಿಂಗಳ ಜಪಾನಿ ಶಿಶುಗಳು ರ-ಲ ವ್ಯತ್ಯಾಸವನ್ನು ಅಮೆರಿಕದ ಶಿಶುಗಳಷ್ಟೇ ಚೆನ್ನಾಗಿ ಗುರುತಿಸಿದವು. ಹತ್ತರಿಂದ ಹನ್ನೆರಡನೆಯ ತಿಂಗಳಿಗೆ ಹಿಂದೆ ಬಿದ್ದವು. ನಮ್ಮ ಹುಡುಗ ಹುಟ್ಟಿದಂದಿನಿಂದ ತಾಯಿಯ ಕನ್ನಡ ಕೇಳಿದವನು. ಅವನು ‘ಬಾಳೆಹಣ್ಣು’ ಎಂದು ಸೊಗಸಾಗಿ ಹೇಳುತ್ತಾನೆ.

ಹೇಳುತ್ತಾನೆ ಎಂದೆ, ಹೇಳುತ್ತಿದ್ದ ಎನ್ನಬೇಕು. ನಾನು ಹೋಗುವ ವೇಳೆಗೆ ಅವನು ಕನ್ನಡದಲ್ಲಿ ಉತ್ತರಿಸುವುದನ್ನು ನಿಲ್ಲಿಸಿ ನಾಲ್ಕು ತಿಂಗಳಾಗಿತ್ತು. ತಾಯಿ ಕನ್ನಡದಲ್ಲಿ ಕೇಳಿದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ಜಪಾನಿಯಲ್ಲಿ. ಹೊಯಿಕುಎನ್ ಬಾಗಿಲಲ್ಲಿ ಕನ್ನಡ ಮಾತಾಡಬೇಡ ಎಂದು ಒಂದು ದಿನ ತಾಯಿಗೇ ಹೇಳಿದನಂತೆ. ಪ್ರವಾಸದ ದಿನ ಕಟ್ಟಿಕೊಟ್ಟ ಚಪಾತಿ ಪಲ್ಯದ ಡಬ್ಬಿ ಹಾಗೆಯೇ ವಾಪಸು ಬಂತು. ಎಲ್ಲರಂತೆ ಅನ್ನದ ಉಂಡೆ ಕೊಡು ಎಂದ. ಯಾರೂ ಅವನನ್ನು ಹೀಯಾಳಿಸಿರಲಿಲ್ಲ. ಐದು ವರ್ಷದ ಮಗುವಿಗೆ ಉಳಿದವರಂತಿರಬೇಕು ಎನಿಸಲು ಯಾರೂ ಹೀಯಾಳಿಸಬೇಕಾಗಿಲ್ಲ. ಇಂಥ ಮಕ್ಕಳನ್ನು ಅಲ್ಲಿ ‘ಹಾಫು’ ಎನ್ನುತ್ತಾರೆ, ಅಂದರೆ ಅರ್ಧ. ‘ದಾಬುರು’, ಎರಡರಷ್ಟು, ಎಂದು ಕರೆಯಬೇಕೆನ್ನುವ ತಂದೆತಾಯಿಗಳಿದ್ದಾರೆ. ನಮ್ಮ ಹುಡುಗಿಯೂ ಆ ಪಕ್ಷದವಳೇ. ಆದರೆ ಎರಡರಷ್ಟಾಗಿರುವುದು ಮಗುವಿಗೆ ಹೊರೆಯೂ ಹೌದೆಂದು ನನಗನಿಸಿತು.

ಕಾನೂನೂ ಒಂದನ್ನೇ ಆರಿಸು ಎನ್ನುತ್ತದೆ. 1985ರವರೆಗೆ ಜಪಾನಿನ ಪೌರತ್ವ ತಂದೆಯ ಕಡೆಯಿಂದ ಮಾತ್ರ ಬರುತ್ತಿತ್ತು. ಈಗ ಯಾರ ಕಡೆಯಿಂದಲೂ ಬರುತ್ತದೆ. ಎರಡು ಪೌರತ್ವದೊಂದಿಗೆ ಹುಟ್ಟಿದವರು ಇಪ್ಪತ್ತು ತುಂಬುವುದರೊಳಗೆ ಒಂದನ್ನು ಆರಿಸಬೇಕು. ಭಾರತವೋ ಎರಡನ್ನು ಒಪ್ಪುವುದೇ ಇಲ್ಲ. ಹುಡುಗನದು ಜಪಾನಿ ಪಾಸ್‌ಪೋರ್ಟ್.

ಊಟದ ವಿಷಯದಲ್ಲಿ ಸಾಗರದ ಮನೆ ನೊಂದಿತು. ಅಲ್ಲಿಯ ಸಾರು, ಸೊಪ್ಪು, ಗೆಣಸು ಯಾವುದರಲ್ಲೂ ಒಣಮೀನಿನ ರಸ ಇದ್ದೇ ಇರುತ್ತದೆ. ತಾಯಿ ತಾನು ತಿನ್ನುವುದಿಲ್ಲ, ಮಗನನ್ನು ತಡೆಯುವುದೂ ಇಲ್ಲ. ಮೊಮ್ಮಗ ಮೀನು ತಿನ್ನುತ್ತಾನೆಂದು ತಿಳಿದ ನನ್ನ ತಂಗಿ ಎರಡು ದಿನ ಫೋನ್ ಎತ್ತಲಿಲ್ಲ. ಅದೇ ಹೊತ್ತಿಗೆ ಇತ್ತ ಜಪಾನಿ ಅತ್ತೆ ಸೊಸೆಗಾಗಿ ಕಡಲಕಳೆ ಮತ್ತು ಅಣಬೆಯ ಸಾರನ್ನು ಬೇರೆ ಪಾತ್ರೆಯಲ್ಲಿ ಕಾಯಿಸುತ್ತಿದ್ದರು. ತಂಗಿಗೆ ಇದನ್ನು ನಾನೇ ಹೇಳಬೇಕಾಯಿತು.

ಆ ಅತ್ತೆ ಒಂದು ಬೆಳಿಗ್ಗೆ ನನ್ನನ್ನೂ ಹುಡುಗನನ್ನೂ ಗುಡ್ಡಕ್ಕೆ ಕರೆದೊಯ್ದರು. ಹಿಮ ಕರಗಿದ ಜಾಗದಲ್ಲಿ ಜರೀಗಿಡಗಳ ಸುರುಳಿ ಚಿಗುರು ಎದ್ದಿತ್ತು. ಕೊಡಗಿನಲ್ಲಿ ತೆರ್ಮೆ ತೊಪ್ಪು ಎನ್ನುತ್ತಾರಲ್ಲ, ಅದರ ಬಳಗ. ವರಾಬಿ ಎಂಬ ಜಾತಿಯಲ್ಲಿ ವಿಷಾಂಶವಿರುವುದರಿಂದ ಬೂದಿ ಬೆರೆಸಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಹಾಕುತ್ತಾರೆ. ಕ್ಷಾರದಲ್ಲಿ ವಿಷ ಒಡೆಯುತ್ತದೆ. ನಾವು ಕಳಲೆಯನ್ನು ನೀರು ಬದಲಿಸಿ ಬದಲಿಸಿ ನೆನೆಸುವುದೂ ಸಯನೈಡ್ ಅಂಶ ತೆಗೆಯಲು. ಇದನ್ನು ಅವರಿಗೆ ಹೇಳಬೇಕೆನಿಸಿತು. ನನಗೆ ಜಪಾನಿ ಬಾರದು, ಅವರಿಗೆ ಬೇರೇನೂ ಬಾರದು. ಪಕ್ಕದಲ್ಲಿದ್ದವನು ಹುಡುಗ ಒಬ್ಬನೇ. ಬಿದಿರು, ನೀರು, ಮೂರು ದಿನ ಎಂದು ಕನ್ನಡದಲ್ಲಿ ಹೇಳಿದೆ. ಅವನು ಅಜ್ಜಿಗೆ ಏನೋ ಹೇಳಿದ. ಅವರು ನಕ್ಕು ಏನೋ ಕೇಳಿದರು. ಅವನು ನನ್ನ ಕಡೆ ತಿರುಗಿ, ‘ಉಪ್ಪು ಹಾಕ್ತೀರಾ?’ ಎಂದ. ನಾಲ್ಕು ತಿಂಗಳ ಮೇಲೆ ಮೊದಲ ಕನ್ನಡ ವಾಕ್ಯ!

ಆಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ನನಗೆ ಜಪಾನಿ ಬಾರದೆಂಬುದೇ ಕಾರಣ. ತಾಯಿಗೆ ಜಪಾನಿ ಗೊತ್ತೆಂದು ಅವನಿಗೆ ಗೊತ್ತು, ಹಾಗಾಗಿ ಅವಳೊಂದಿಗೆ ಕನ್ನಡ ಬೇಕಾಗಿಯೇ ಇರಲಿಲ್ಲ. ಫೋನಿನ ಪರದೆಯಲ್ಲಿ ಕಾಣುವ ಸಾಗರದ ಅಜ್ಜಿ ಎರಡು ನಿಮಿಷದಲ್ಲಿ ಬೇಸರವಾಗುತ್ತಿದ್ದಳು. ಮೇಲೆ ಹೇಳಿದ ಕೂಲ್ ಅವರದೇ 2003ರ ಪ್ರಯೋಗವೊಂದಿದೆ. ಒಂಬತ್ತು ತಿಂಗಳ ಅಮೆರಿಕದ ಶಿಶುಗಳಿಗೆ ಎದುರು ಕೂತು ಚೀನೀ ಭಾಷೆಯಲ್ಲಿ ಆಡಿಸಿದಾಗ ಅವು ಆ ಭಾಷೆಯ ಧ್ವನಿಗಳನ್ನು ಕಲಿತವು. ಅದೇ ಮಾತನ್ನು ಟಿವಿಯಲ್ಲಿ ತೋರಿಸಿದಾಗ ಏನೂ ಕಲಿಯಲಿಲ್ಲ. ಮಕ್ಕಳ ಕೈಗೆ ಮೊಬೈಲ್ ಕೊಟ್ಟು ಇಂಗ್ಲಿಷ್ ಕಲಿಯುತ್ತಾನೆ ಎಂದು ಸಮಾಧಾನಪಡುವ ನಮ್ಮ ಪೋಷಕರು ಇದನ್ನು ಗಮನಿಸಬೇಕು. ಮನೆಯಲ್ಲಿ ಕನ್ನಡ ಬೇಡ ಎಂದು ಸೂಚನೆ ಕೊಡುವ ಶಾಲೆಗಳು ನಮ್ಮ ನಾಡಿನಲ್ಲೇ ಇರುವಾಗ, ಏಳು ಸಮುದ್ರದಾಚೆ ಒಬ್ಬಳು ಇಷ್ಟು ಹೆಣಗುತ್ತಿದ್ದಾಳೆ.

ಒಂದು ಭಾನುವಾರ ಪಕ್ಕದ ತೋಕಾಮಾಚಿಯ ಗುಡ್ಡದ ಮೇಲಿನ ಮಿಥಿಲಾ ಮ್ಯೂಸಿಯಂಗೆ ಹೋದೆವು. ತೋಕಿಯೊ ಹಸೆಗಾವಾ ಎಂಬವರು 1982ರಲ್ಲಿ, ಮುಚ್ಚಿಹೋದ ಪ್ರಾಥಮಿಕ ಶಾಲೆಯ ಮರದ ಕಟ್ಟಡದಲ್ಲಿ ತೆರೆದ ಸಂಗ್ರಹಾಲಯ. ಬಿಹಾರದ ಮಧುಬನಿ ಚಿತ್ರಗಳು, ವಾರ್ಲಿ ಚಿತ್ರಗಳು ಅಲ್ಲಿ ತುಂಬಿವೆ. ಗಂಗಾದೇವಿಯವರಂಥ ಕಲಾವಿದೆ ಬಂದು ಉಳಿದು ಚಿತ್ರ ಬರೆದ ಜಾಗ. ಹುಡುಗ ಚಿತ್ರಕ್ಕಿಂತ ಹೆಚ್ಚಾಗಿ ಹಳೆಯ ಶಾಲೆಯನ್ನು ನೋಡಿದ. ಮಕ್ಕಳೆಲ್ಲಿ ಎಂದು ಕೇಳಿದ. 1949ರಲ್ಲಿ ಜಪಾನಿನಲ್ಲಿ ಹುಟ್ಟಿದ ಮಕ್ಕಳು 26 ಲಕ್ಷ 96 ಸಾವಿರ, 2024ರಲ್ಲಿ ಹುಟ್ಟಿದ್ದು 6 ಲಕ್ಷ 86 ಸಾವಿರ. ಇದನ್ನು ಅವನಿಗೆ ಹೇಳಲಿಲ್ಲ. ಊರಿನ ಮುದುಕರು ಅವನನ್ನು ಕಂಡಾಗಲೆಲ್ಲ ನಿಂತು ಮಾತಾಡಿಸುವುದು ಅವನ ಮೈಬಣ್ಣದ ಕುತೂಹಲದಿಂದ ಎಂದು ಮೊದಲು ಎಣಿಸಿದ್ದೆ. ಆ ಕೇರಿಯಲ್ಲಿ ಐದು ವರ್ಷದ ಮಗು ಇರುವುದೇ ಅವನೊಬ್ಬ.

ಹೊರಡುವ ಮೊದಲು ತಾಯಿ ತಂದೆ ಕೂತು ಒಂದು ತೀರ್ಮಾನಕ್ಕೆ ಬಂದರು. ಜಪಾನಿನ ಬೇಸಗೆ ರಜೆ ಜುಲೈ ಕೊನೆಗೆ, ಆಗ ನಮ್ಮಲ್ಲಿ ಶಾಲೆ ನಡೆಯುತ್ತಿರುತ್ತದೆ. ಹೀಗಾಗಿ ಆಗಸ್ಟಿನಲ್ಲಿ ತಾಯಿ ಮಗ ಸಾಗರಕ್ಕೆ ಬಂದು ನಾಲ್ಕು ವಾರ ಇದ್ದರು. ಹುಡುಗ ಬೆಳಿಗ್ಗೆ ಬೀದಿಯ ಅಂಗನವಾಡಿಯಲ್ಲಿ ಕೂತು ಬರುತ್ತಿದ್ದ, ಸಂಜೆ ಮಳೆಯಲ್ಲಿ ಏಡಿ ಹುಡುಕುತ್ತಿದ್ದ. ಬಂದ ಮೊದಲ ವಾರ ಅವನಿಗೆ ಮೀನಿನ ಆಸೆಯಾಗಿ, ನನ್ನ ತಂಗಿ ಮುಖ ತಿರುಗಿಸಿ ಕೂತು, ಕೊನೆಗೆ ಪಕ್ಕದ ಮನೆಯವರು ಕರೆದು ಊಟ ಹಾಕಿದರು. ತಂಗಿ ಅವನ ಕೈ ತೊಳೆಸಿ ಒಳಗೆ ಕರೆದುಕೊಂಡಳು, ಏನೂ ಅನ್ನಲಿಲ್ಲ.

ಡಿಸೆಂಬರಿನಲ್ಲಿ ಫೋನ್ ಬಂತು. ‘ಅಜ್ಜೀ, ಯುಕಿ ಬಂತು, ನನ್ನ ಮೊಣಕಾಲ ತನಕ ಬಂತು’ ಎಂದು ಹುಡುಗ ಕೂಗುತ್ತಿದ್ದ. ಯುಕಿ ಎಂದರೆ ಹಿಮ. ಎಷ್ಟು ಯುಕಿ, ಕಾಲು ಒದ್ದೆ ಮಾಡಿಕೊಂಡೆಯಾ, ಆ ಅಜ್ಜಿ ಮಾಡಿಗೆ ಹತ್ತಿ ಯುಕಿ ತೆಗೆಯುತ್ತಾರಾ ಎಂದು ತಂಗಿ ಒಂದೇ ಸಮನೆ ಕೇಳುತ್ತಿದ್ದಳು. ಮಾತು ಅರ್ಧ ಗಂಟೆ ನಡೆಯಿತು.