ಮೆಟ್ಟಿಲಿಲ್ಲದ ಗಿಟಾರು

ಐವತ್ತು ದಾಟಿದ ಹೆಂಗಸು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರೆ ನೋಡಿದವರು ಏನೆಂದಾರು? ನಮ್ಮ ಅಂಕಲಿಯಲ್ಲಿ ಏನೆಂದರೆಂಬುದನ್ನು ನಾನು ಬಲ್ಲೆ. ಹಾಲು ತರುವ ಹುಡುಗ ಬಾಗಿಲಲ್ಲೇ ನಿಂತು, "ಅಕ್ಕೋರ, ಸಿನಿಮಾದಾಗ ಸೇರಾವ್ರೇನ್ರಿ?" ಎಂದ. ಪಕ್ಕದ ಮನೆಯ ಕಾಕು ನನ್ನೆದುರು ಏನೂ ಅನ್ನಲಿಲ್ಲ. ನಮ್ಮ ಯಜಮಾನರನ್ನು ಬದಿಗೆ ಕರೆದು, "ಬಾಯಾರು ಆರಾಮ ಅದಾರಿಲ್ರಿ?" ಎಂದು ಕೇಳಿದರಂತೆ.

ಆರಾಮ ಇರಲಿಲ್ಲ. ಕಥೆ ಶುರುವಾಗುವುದೇ ಅಲ್ಲಿಂದ.

ಮೂರು ವರ್ಷದ ಹಿಂದೆ ಕೊರಳಿನ ಥೈರಾಯಿಡ್ ಗಂಟನ್ನು ತೆಗೆಸಿಕೊಂಡೆ. ಆ ಗ್ರಂಥಿಯ ಮಗ್ಗುಲಲ್ಲೇ ಧ್ವನಿಯ ನರಗಳು ಹಾದುಹೋಗುತ್ತವೆ, ಮೇಲಿನ ಸ್ವರಗಳಿಗೆ ತೊಂದರೆಯಾದರೂ ಆಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗೆಯೇ ಆಯಿತು. ಗಂಟು ಹೋಯಿತು, ಅದರ ಜೊತೆಗೆ ನನ್ನ ತಾರಸ್ಥಾಯಿಯೂ ಹೋಯಿತು. ಹಾರ್ಮೋನಿಯಂನ ಕರಿ ನಾಲ್ಕನೆಯ ಮನೆಯಲ್ಲಿ ಷಡ್ಜ ಹಿಡಿದು ಹಾಡುತ್ತಿದ್ದವಳು ಬಿಳಿ ಮೂರಕ್ಕೆ ಇಳಿದೆ. ಇಪ್ಪತ್ತೈದು ವರ್ಷ ಶಾಲೆಯಲ್ಲಿ ಪ್ರಾರ್ಥನೆ ಹೇಳಿಸಿದವಳು ಆ ಕೆಲಸವನ್ನು ಹೊಸದಾಗಿ ಬಂದ ಶಿಕ್ಷಕಿಗೆ ಒಪ್ಪಿಸಿ ಹಿಂದಿನ ಸಾಲಿಗೆ ಸರಿದೆ. ಅಲ್ಲಿ ನಿಂತು ತುಟಿ ಅಲ್ಲಾಡಿಸುತ್ತಿದ್ದೆ, ಅಷ್ಟೇ.

ಸಮಾಧಾನ ಹೇಳುವವರು ಕಡಿಮೆಯಿರಲಿಲ್ಲ. ಗಂಗೂಬಾಯಿ ಹಾನಗಲ್ಲರ ಧ್ವನಿಯೂ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರವೇ ಗಂಡುಧ್ವನಿಯಷ್ಟು ಗಂಭೀರವಾದದ್ದು ಎಂದು ಎಲ್ಲರೂ ನೆನಪಿಸಿದರು. ನಿಜವೇ. ಆ ಧ್ವನಿಯಲ್ಲೇ ಅವರು ದೇಶವನ್ನೆಲ್ಲ ಗೆದ್ದು, 2002ರಲ್ಲಿ ಪದ್ಮವಿಭೂಷಣರಾದರು. ಆದರೆ ಅವರು ಗಂಗೂಬಾಯಿ. ನಾನು ಬರಿಯ ಸಾಲಿಬಾಯಿ. ಮನೆಯ ಹಾರ್ಮೋನಿಯಂಗೆ ಹೊದಿಕೆ ಹಾಕಿ ಕಟ್ಟಿಟ್ಟೆ.

ಮಗ ಇಂಜಿನಿಯರಿಂಗ್ ಓದುವಾಗ ಒಂದು ಬೇಸ್ ಗಿಟಾರು ಕೊಂಡಿದ್ದ, ಅದೂ ಸೆಕೆಂಡ್ ಹ್ಯಾಂಡ್. ನೌಕರಿ ಸಿಕ್ಕಿ ಬೆಂಗಳೂರಿಗೆ ಹೋಗುವಾಗ ಅದನ್ನು ಇಲ್ಲೇ ಬಿಟ್ಟ. ಹಳೆಯ ಚಾದರ ಹೊದ್ದು ಸಾಗವಾನಿ ಕಪಾಟಿನ ಹಿಂದೆ ಅದು ನಿಂತೇ ಇತ್ತು. ದಸರೆಯ ಮುಂದೆ ಮನೆ ಝಾಡಿಸುವಾಗ ಹೆಬ್ಬೆರಳು ಅದರ ದಪ್ಪ ತಂತಿಗೆ ತಾಗಿತು. ಕಪಾಟು ಕಪಾಟೇ ಗುಂಯ್ ಎಂದಿತು. ಆ ನಾದ ಕಿವಿಗಿಂತ ಮೊದಲು ಎದೆಗೆ ಬಂತು.

ಮಗನಿಗೆ ಫೋನು ಮಾಡಿದೆ. ಶ್ರುತಿ ಮಾಡುವುದು ಹೇಗೆಂದು ಅವನು ನಗುತ್ತಲೇ ಹೇಳಿಕೊಟ್ಟ. ಹಾರ್ಮೋನಿಯಂ ಬಿಚ್ಚಿ ತಾಳೆ ನೋಡಿದೆ. ದಪ್ಪ ತಂತಿಯ ಸ್ವರ ಬಿಳಿ ಮೂರು. ನನ್ನ ಹೊಸ ಷಡ್ಜವೇ, ಎರಡು ಸ್ಥಾಯಿ ಕೆಳಗೆ. ಉಳಿದ ಮೂರು ತಂತಿಗಳು ಅದಕ್ಕೆ ಮಧ್ಯಮ, ಕೋಮಲ ನಿಷಾದ, ಕೋಮಲ ಗಾಂಧಾರ. ಕೋಮಲ ಧೈವತವೊಂದು ಸೇರಿದರೆ ಮಾಲಕಂಸವೇ ಆಯಿತಲ್ಲ! 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಪೇಟೆಗೆ ತಂದ ವಾದ್ಯದ ಸಂತತಿ ಇದು. ಅಂಥದು ನಮ್ಮ ಮನೆಯ ಕಪಾಟಿನ ಹಿಂದೆ ಮಾಲಕಂಸವನ್ನು ಬಚ್ಚಿಟ್ಟುಕೊಂಡು ಕುಳಿತಿತ್ತು.

ಆದರೆ ಹಾಡಿಗೆ ಹೊಂದಲಿಲ್ಲ. ವೀಣೆಗೆ ಮೆಟ್ಟಿಲುಗಳಿರುತ್ತವಲ್ಲ, ಹಾಗೆ ಇದರ ಕೊರಳಿಗೂ ಲೋಹದ ಪಟ್ಟಿಗಳಿದ್ದವು. ಬೆರಳು ಸ್ವಲ್ಪ ಹಿಂದೆಮುಂದೆ ಬಿದ್ದರೂ ಸ್ವರ ತಪ್ಪದಿರಲೆಂದೇ ಅವು. ಫೆಂಡರ್ ಆ ವಾದ್ಯಕ್ಕೆ ಇಟ್ಟ ಹೆಸರೇ 'ಪ್ರಿಸಿಷನ್', ಅಂದರೆ ನಿಖರ. ಗಾಂಧಾರದಿಂದ ಮಧ್ಯಮಕ್ಕೆ ಮೀಂಡಿನಲ್ಲಿ ಜಾರೋಣವೆಂದರೆ ಅದು ಕುಂಟುತ್ತ ಮೆಟ್ಟಿಲು ಹತ್ತುತ್ತಿತ್ತು. ಸಿತಾರದಂತೆ ತಂತಿ ಎಳೆಯಲು ಹೋದರೆ ಬೆರಳಲ್ಲಿ ಗುಳ್ಳೆ. ಇಂಥ ಕೊರತೆಗಾಗಿಯೇ ಅಲ್ಲವೇ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟದ್ದು?

"ಹಂಗಾದ್ರ ಪಟ್ಟಿ ಕಿತ್ತ ಬಿಡವ್ವ," ಎಂದ ಮಗ. ಇಂಗ್ಲೆಂಡಿನ ಬಿಲ್ ವೈಮನ್ ಎಂಬಾತ 1961ರಲ್ಲಿ ಎಂಟು ಪೌಂಡಿಗೆ ಹಳೆಯ ಬೇಸ್ ಗಿಟಾರು ಕೊಂಡನಂತೆ. ಹೊಸ ಪಟ್ಟಿ ಹಾಕಿಸಬೇಕೆಂದು ಹಳೆಯವನ್ನು ಕಿತ್ತನಂತೆ. ಕಿತ್ತ ಮೇಲೆ ಬಂದ ನಾದವೇ ಹಿಡಿಸಿ ಹಾಗೆಯೇ ಬಿಟ್ಟನಂತೆ. ಮುಂದೆ ಆತ ರೋಲಿಂಗ್ ಸ್ಟೋನ್ಸ್ ತಂಡ ಸೇರಿ ಹೆಸರಾದ. ಎಂಟು ಪೌಂಡಿನ ಮಾತು ಕೇಳಿ ನನಗೆ ಧೈರ್ಯ ಬಂತು.

ನಮ್ಮ ಊರಿಗೆ ಮಿರಜ ದೂರವಲ್ಲ. ಕೃಷ್ಣೆಯ ಸೇತುವೆ ದಾಟಿ ಮಾಂಜರಿಯ ಮೇಲೆ ಹೋದರಾಯಿತು. ಸಿತಾರ, ತಂಬೂರಿ ಮಾಡುವ ಕಸಬು ಅಲ್ಲಿ ನೂರೈವತ್ತು ವರ್ಷಕ್ಕೂ ಹಳೆಯದು. ಆಯುಧ ಸಾಣೆ ಹಿಡಿಯುತ್ತಿದ್ದ ಮನೆತನದವರು ಅದನ್ನು ಬಿಟ್ಟು ವಾದ್ಯಕ್ಕೆ ಕೈಹಚ್ಚಿದರು. ಬುರುಡೆಗೆ ಬೇಕಾದ ಕುಂಬಳ ಪಂಢರಪುರದ ಕಡೆಯಿಂದ ಬರುತ್ತದೆ. ಮಿರಜದ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಗಂಗೂಬಾಯಿಯವರ ಗುರು ಸವಾಯಿ ಗಂಧರ್ವರಿಗೆ ಗುರುವಾಗಿದ್ದ ಅಬ್ದುಲ್ ಕರೀಂ ಖಾನರು ಮಣ್ಣಾದದ್ದು ಅದೇ ಊರಿನಲ್ಲಿ, 1937ರಲ್ಲಿ.

ಚಾದರದಲ್ಲಿ ಸುತ್ತಿದ ಗಿಟಾರನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಮುದುಕ ಕಾರೀಗರರೊಬ್ಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಹೊಟ್ಟಿ ಇಲ್ಲದ ವಾದ್ಯಾ," ಎಂದರು. ಕಾಯಿಸಿದ ಕಬ್ಬಿಣವನ್ನು ಪಟ್ಟಿಗೆ ತಾಗಿಸಿ ಅಂಟು ಸಡಿಲಾದ ಮೇಲೆ ಇಕ್ಕಳದಿಂದ ಒಂದೊಂದನ್ನೇ ಎಬ್ಬಿಸಿದರು. ಅವಸರ ಮಾಡಿದರೆ ಕಟ್ಟಿಗೆ ಸಿಬಿರೇಳುತ್ತದೆ ಎಂದರು. ಉಳಿದ ಸೀಳುಗಳಿಗೆ ತೆಳ್ಳನೆಯ ಬಿಳಿ ಕಟ್ಟಿಗೆಯ ಚೂರು ತುಂಬಿ, ಉಜ್ಜಿ, ಮೇಲೆ ಅರಗಿನ ಪಾಲಿಶು ಹಚ್ಚಿದರು. ತಂತಿ ಏರಿಸಿ ಬೆರಳು ಜಾರಿಸಿದಾಗ ಗಿಟಾರು ಮನುಷ್ಯರಂತೆ ನರಳಿತು.

ಮುದುಕರ ಮುಖ ಅರಳಿತು. "ಜವಾರಿ ಬಂತ ನೋಡ್ರಿ!"

ನಮ್ಮ ಕಡೆ ಜವಾರಿ ಎಂದರೆ ನಾಟಿ ತಳಿ. ಜವಾರಿ ಮೆಣಸಿನಕಾಯಿ, ಜವಾರಿ ಕೋಳಿ. ತಂಬೂರಿಯವರ ಜವಾರಿ ಬೇರೆ. ಕುದುರೆಯ ಸಣ್ಣ ಇಳಿಜಾರಿಗೆ ತಂತಿ ಮೆಲ್ಲಗೆ ತಾಗುತ್ತ ನಡುಗುವುದರಿಂದ ಹುಟ್ಟುವ ಝೇಂಕಾರ ಅದು. ಪಟ್ಟಿ ಕಿತ್ತ ಮೇಲೆ ಈ ಗಿಟಾರಿನ ತಂತಿಯೂ ಹಾಗೆಯೇ ಕಟ್ಟಿಗೆಯನ್ನು ಸವರುತ್ತ ಹಾಡುತ್ತದೆ. ಕೂಲಿ, ಬಸ್ಸು, ಚಹಾ ಎಲ್ಲ ಸೇರಿ ಸಾವಿರ ರೂಪಾಯಿಯೊಳಗೆ ಮುಗಿಯಿತು. ಮರವನ್ನು ಸವೆಸದ ನುಣುಪು ತಂತಿಗಳೂ ಸಿಗುತ್ತವೆ, ಆದರೆ ಬೆಲೆ ಕೇಳಿ ಸುಮ್ಮನಾದೆ. ಆಂಪ್ಲಿಫೈಯರನ್ನೂ ಕೊಳ್ಳಲಿಲ್ಲ. ಗಿಟಾರಿನ ತುದಿಯನ್ನು ಸಾಗವಾನಿ ಕಪಾಟಿಗೆ ಒರಗಿಸಿ ನುಡಿಸುತ್ತೇನೆ. ಸೀರೆಗಳ ನಡುವಿನಿಂದ ನಾದ ಬರುತ್ತದೆ.

ಇಷ್ಟಾದರೂ ಕಷ್ಟ ಮುಂದೆಯೇ ಇತ್ತು. ಪಟ್ಟಿಯಿದ್ದಾಗ ಅದರ ಹಿಂದೆ ಎಲ್ಲಿ ಒತ್ತಿದರೂ ನಡೆಯುತ್ತಿತ್ತು. ಈಗ ಗೆರೆಯ ಮೇಲೆಯೇ ಬೆರಳು ಬೀಳಬೇಕು. ಶಾಲೆಯ ಅಳತೆಪಟ್ಟಿ ಇಟ್ಟು ನೋಡಿದೆ: ಕೊರಳ ತುದಿಯಲ್ಲಿ ಮೊದಲ ಮನೆ 4.8 ಸೆಂಟಿಮೀಟರ್, ತಂತಿಯ ನಡುವಿಗೆ ಬರುವಷ್ಟರಲ್ಲಿ ಅದೇ ಅಂತರ 2.5ಕ್ಕೆ ಇಳಿಯುತ್ತದೆ. ಗೆರೆ ನೋಡುತ್ತ ನುಡಿಸಿದೆನೆಂದರೆ ಸ್ವರ ಬೇಸೂರಾಗುತ್ತಿತ್ತು. ಕಣ್ಣು ಮುಚ್ಚಿದರೆ ಇನ್ನೂ ಹೆಚ್ಚು. ಒಂದು ತಿಂಗಳು ಕಪಾಟು ನನ್ನ ತಪ್ಪುಗಳನ್ನಷ್ಟೇ ಮನೆಯವರಿಗೆ ಕೇಳಿಸಿತು. ಕೊನೆಗೆ ಬೇರೆ ದಾರಿ ಕಾಣದೆ, ಬಾರಿಸುವ ಮೊದಲು ಆ ಸ್ವರವನ್ನು ಬಾಯಿಂದ ಅಂದು, ಅದಕ್ಕೆ ಬೆರಳು ಸೇರಿಸತೊಡಗಿದೆ. ಗಾಂಧಾರ ಅನ್ನುವುದು, ಬೆರಳನ್ನು ಅಲ್ಲಿಗೆ ಜಾರಿಸುವುದು. ಧೈವತ ಅನ್ನುವುದು, ಹುಡುಕುವುದು.

ಹೀಗೆ ಎಷ್ಟು ದಿನ ನಡೆಯಿತೋ ತಿಳಿಯದು. ಒಂದು ಸಂಜೆ ಯಜಮಾನರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನೀ ಹಾಡಾಕತ್ತೀದಿ," ಎಂದರು. ನನಗೆ ಅದು ಗೊತ್ತೇ ಆಗಿರಲಿಲ್ಲ. ಗಿಟಾರು ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡೆ.

ಮರುವಾರ ಶನಿವಾರ, ಮುಂಜಾನೆಯ ಶಾಲೆ. ಪ್ರಾರ್ಥನೆಗೆ ಮೊದಲು ಆ ಶಿಕ್ಷಕಿಯ ಹತ್ತಿರ ಹೋಗಿ, "ಇವತ್ತೊಂದು ದಿನ ಬಿಳಿ ಮೂರಕ್ಕ ಸುರು ಮಾಡ್ರಿ, ನಾನೂ ಹೇಳತೀನಿ," ಎಂದೆ. ನನ್ನ ದಪ್ಪ ಧ್ವನಿ ಕೇಳಿ ಮುಂದಿನ ಸಾಲಿನ ಹುಡುಗಿಯರು ಕಿಸಕ್ಕನೆ ನಕ್ಕರು. ನಾನು ನಿಲ್ಲಿಸಲಿಲ್ಲ. ಎರಡನೆಯ ಸಾಲಿಗೆ ಬರುವಾಗ ಹಿಂದಿನಿಂದ ಗಡಸು ಧ್ವನಿಗಳು ಕೂಡಿಕೊಂಡವು. ತಿರುಗಿ ನೋಡಿದೆ. ಒಂಬತ್ತನೆಯ ತರಗತಿಯ ಹುಡುಗರು. ಅವರ ಕೊರಳು ಒಡೆಯುತ್ತಿದ್ದ ಕಾಲ. ಎತ್ತರದ ಶ್ರುತಿಗೆ ಏರಲಾರದೆ ಅವರೂ ಇಷ್ಟು ದಿನ ನನ್ನಂತೆಯೇ ತುಟಿ ಅಲ್ಲಾಡಿಸುತ್ತ ನಿಂತಿರುತ್ತಿದ್ದರು. ಅವರ ಪಕ್ಕದಲ್ಲೇ ನಿಂತಿದ್ದ ನಾನು ಅದನ್ನು ಗಮನಿಸಿರಲಿಲ್ಲ.

ಈಗ ನಮ್ಮ ಶಾಲೆಯಲ್ಲಿ ಶನಿವಾರದ ಪ್ರಾರ್ಥನೆ ಬಿಳಿ ಮೂರರಲ್ಲಿ.