ಚುಕ್ಕಾಣಿ ಇಲ್ಲದ ದೋಣಿ ನೇರ ಹೋಗೋದು ಹೇಗೆ?

ಆನೆಗೊಂದಿಯಿಂದ ಸಾಣಾಪುರದ ಕಡೆ ಹೊರಟರೆ ಅಂಜನಾದ್ರಿಯ ಬುಡದಲ್ಲಿ ಸಿಗೋ ಊರು ಹನುಮನಹಳ್ಳಿ. ಹೆಚ್ಚಿನವರು ಬರೋದು 575 ಮೆಟ್ಟಿಲು ಹತ್ತಿ ಹನುಮಪ್ಪನ ದರ್ಶನ ಮಾಡೋಕೆ. ನಾನು ಬಂದಿದ್ದು ಹರಿಗೋಲು ನೋಡೋಕೆ. ಕರಾವಳಿಯಲ್ಲಿ ಗೆಳೆಯರ ಜೊತೆ ಕಯಾಕ್ ಓಡಿಸೋ ಚಟ ಇದೆ. ಅದರ ಚುಕ್ಕಾಣಿ ರಿಪೇರಿ ಮಾಡಿ ಮಾಡಿ ಬೆರಳು ಸವೆದಿವೆ. ಚುಕ್ಕಾಣಿಯೇ ಇಲ್ಲದ, ಮುಂದ್ಯಾವುದು ಹಿಂದ್ಯಾವುದು ಗೊತ್ತಾಗದ ದೋಣಿಯನ್ನ ಇಲ್ಲಿನವರು ಹೇಗೆ ನಡೆಸ್ತಾರೆ ಅನ್ನೋದೇ ಕುತೂಹಲ.

ಕಯಾಕ್ ಗೊತ್ತಿಲ್ಲದವರಿಗೆ ಚುಟುಕಾಗಿ: ಕಾಲಡಿ ಎರಡು ಪೆಡಲ್, ಅಲ್ಲಿಂದ ಹಿಂದಕ್ಕೆ ಎರಡು ತಂತಿ, ತುದಿಯಲ್ಲಿ ಚುಕ್ಕಾಣಿಯ ಹಲಗೆ. ಬಲಗಾಲು ಒತ್ತಿದರೆ ಬಲಕ್ಕೆ. ತಂತಿ ಸಡಿಲಾದರೆ ದೋಣಿ ತಡವಾಗಿ ತಿರುಗುತ್ತೆ. ಪೆಡಲ್ ಜಾಡಿನಲ್ಲಿ ಮರಳು ಸೇರಿದರೆ ಗಕ್ಕನೆ ನಿಲ್ಲುತ್ತೆ. ತಂತಿಯ ಎಳೆ ಒಂದು ಬಿಚ್ಚಿಕೊಂಡರೂ ಬದಲಾಯಿಸಬೇಕು, ಯಾಕಂದ್ರೆ ಅದು ಕಿತ್ತುಹೋಗೋದು ದಡದಲ್ಲಲ್ಲ, ಅಲೆಯ ನಡುವೆ.

ಹರಿಗೋಲಲ್ಲಿ ಇದ್ಯಾವುದೂ ಇಲ್ಲ. ಬಿದಿರು ಸೀಳಿ ಹೆಣೆದ ದುಂಡು ಬುಟ್ಟಿ, ಹೊರಗೆ ಪ್ಲಾಸ್ಟಿಕ್ ಚೀಲದ ಹೊದಿಕೆ, ಮೇಲೆ ಡಾಂಬರು. ಹಿಂದೆ ಚರ್ಮ ಹೊದಿಸ್ತಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವರ್ತಕ ದೊಮಿಂಗೊ ಪೇಸ್ ಆನೆಗೊಂದಿ ಕಡವಿನ ಇಂಥ ದೋಣಿಗಳ ಬಗ್ಗೆ ಬರೆದಿದ್ದಾನೆ: ಹದಿನೈದಿಪ್ಪತ್ತು ಜನ ಹಿಡಿಸ್ತಾರೆ, ಬೇಕಾದರೆ ಕುದುರೆ, ಎತ್ತನ್ನೂ ದಾಟಿಸ್ತಾರೆ, ಆದರೆ ಇವು ನೇರ ಹೋಗಲಾರವು, ಸುತ್ತುತ್ತಲೇ ಇರ್ತವೆ ಅಂತ.

ಈ ಕೊನೆಯ ಮಾತು ಮಾತ್ರ ನಾನು ಒಪ್ಪೋಲ್ಲ.

ಸಾಣಾಪುರ ಕೆರೆಯಲ್ಲಿ (ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಅದು) ನಾನು ಕೂತ ಹರಿಗೋಲಿನ ಕಾಕಾ ಎದುರು ದಡದ ಬಂಡೆಯೊಂದಕ್ಕೆ ಕಣ್ಣು ನೆಟ್ಟು, ಗೆರೆ ಎಳೆದ ಹಾಗೆ ಹೋದರು. ಗಮನಿಸಿದರೆ ಗುಟ್ಟು ಕಾಣುತ್ತೆ. ಅವರು ಹುಟ್ಟನ್ನ ಪಕ್ಕದಲ್ಲಿ ಹಾಕಲ್ಲ. ಎದುರಿಗೆ ಹಾಕಿ ನೀರನ್ನ ತಮ್ಮ ಕಡೆ ಎಳ್ಕೋತಾರೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ನೀರೊಳಗೆ ಎಂಟು ಅಂಕಿ ಬರೆದಂತೆ. ಒಂದೇ ಪಕ್ಕ ಎಳೆದರೆ ಬುಗುರಿ! ಪ್ರವಾಸಿಗರು ದುಡ್ಡು ಕೊಡೋದು ಆ ಬುಗುರಿಗೇ ಅನ್ನೋದು ಬೇರೆ ಮಾತು.

"ತಿರಗಸೋದು ಹುಡುಗರಿಗೂ ಬರ್ತದ್ರಿ ಮೇಡಂ. ತಿರುಗದಂಗ ಹೊಡೆಯೋದು ಕಲಿಬೇಕು," ಅಂದರು ಕಾಕಾ.

ಹೊಳೆಯಲ್ಲಿ ಲೆಕ್ಕ ಇನ್ನೂ ಬೇರೆ. ಸೆಳವು ದೋಣಿಯನ್ನ ಕೆಳಕ್ಕೆ ಒಯ್ಯುತ್ತೆ ಅಂತ ಗೊತ್ತಿರೋದರಿಂದ, ಇಳಿಯಬೇಕಾದ ಜಾಗಕ್ಕಿಂತ ಸಾಕಷ್ಟು ಮೇಲಿನಿಂದಲೇ ಹೊರಡಬೇಕು. ಕಯಾಕಿನಲ್ಲಿ ತಂತಿ ಮಾಡೋ ಕೆಲಸವನ್ನ ಇಲ್ಲಿ ಮಣಿಕಟ್ಟು, ಕಣ್ಣು ಎರಡೂ ಸೇರಿ ಮಾಡ್ತವೆ.

ಇನ್ನು ನಿರ್ವಹಣೆ. ಹರಿಗೋಲು ಕೆಡೋದು ನೀರಲ್ಲಿ ಕಮ್ಮಿ, ದಡದಲ್ಲೇ ಜಾಸ್ತಿ. ಬಂಡೆ ಮೇಲೆ ದರದರ ಎಳೆದರೆ ಡಾಂಬರು ಕಿತ್ತು ಹೊದಿಕೆ ಹರಿಯುತ್ತೆ. ಅದಕ್ಕೇ ಇಬ್ಬರು ಸೇರಿ ಎತ್ತಿ, ಬೋರಲು ಹಾಕಿ ಒಣಗಿಸ್ತಾರೆ. ಒಳಗೆ ಒದ್ದೆ ಕಲೆ ಕಂಡರೆ ಅಲ್ಲೇ ತೂತು; ಚೀಲದ ತುಂಡು ಇಟ್ಟು ಕಾಯಿಸಿದ ಡಾಂಬರು ಬಳೀತಾರೆ. ಮುರಿದ ಬಿದಿರ ಸೀಳು ಹೊದಿಕೆಯನ್ನ ಒಳಗಿನಿಂದಲೇ ಚುಚ್ಚುತ್ತೆ, ಅದನ್ನ ಬಿಡೋ ಹಾಗೇ ಇಲ್ಲ.

ಹತ್ತೋ ಮುಂಚೆ ನೀವೂ ಇಷ್ಟು ನೋಡಿ: ತಳದಲ್ಲಿ ನೀರು ನಿಂತಿದೆಯಾ, ಅಂಚಿನ ಕಟ್ಟು ಬಿಗಿ ಇದೆಯಾ, ಹುಟ್ಟಿನ ಹಿಡಿ ಸೀಳಿದೆಯಾ. ಲೈಫ್ ಜಾಕೆಟ್‌ನ ಬಕಲ್ ಹಾಕಿ ಒಮ್ಮೆ ಎಳೆದು ನೋಡಿ. ಅದಿಲ್ಲದೆ ಕೂರಿಸಿಕೊಳ್ಳೋರ ಹರಿಗೋಲು ಹತ್ತಲೇಬೇಡಿ, ಅರ್ಧ ರೇಟ್ ಅಂದರೂ. ಹೀಲ್ಸ್ ಚಪ್ಪಲಿ ಕೈಯಲ್ಲಿರಲಿ. ಸೆಲ್ಫಿಗೆ ಎಲ್ಲರೂ ಒಂದೇ ಕಡೆ ವಾಲಬೇಡಿ.

ಮಳೆಗಾಲದಲ್ಲಿ ಬಂದರೆ ಹೊಳೆಯ ಸುದ್ದಿ ಕೇಳ್ಕೊಂಡೇ ಬನ್ನಿ. ಹೊಸಪೇಟೆ ಹತ್ತಿರದ ಅಣೆಕಟ್ಟೆಗೆ 33 ಗೇಟು. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋಗಿದ್ದು ನೆನಪಿರಬಹುದು. ಗೇಟು ತೆರೆದರೆ ಈ ಬಂಡೆಗಳ ನಡುವೆ ಹೊಳೆಯ ಮುಖವೇ ಬದಲಾಗುತ್ತೆ. "ಅವತ್ತು ನೀವು ಹತ್ತು ಸಾವಿರ ಕೊಟ್ರೂ ಬರಂಗಿಲ್ರಿ," ಅಂತ ಕಾಕಾ ಹುಟ್ಟು ಒರೆಸಿ, ಹರಿಗೋಲನ್ನ ಬೇವಿನ ಮರದ ನೆರಳಿಗೆ ಬೋರಲು ಹಾಕಿದರು.